ಬೀಗದಜ್ಜ ಹತ್ತಿದ ಒಂಬತ್ತು ಮೆಟ್ಟಿಲು

ಜನವರಿ 9

ಅಮ್ಮನಿಗೆ,

ನಾನು ಕ್ಷೇಮ. ನೀನೂ ನಿನ್ನ ಹೊಲಿಗೆ ಮಷೀನೂ ಕ್ಷೇಮವೆಂದು ನಂಬಿದ್ದೇನೆ. ಇಬ್ಬರಲ್ಲಿ ಈಗ ಯಾರ ಸದ್ದು ಜಾಸ್ತಿ ಎಂಬುದನ್ನು ಮಾತ್ರ ಬರೆ.

ಪರದೇಶಕ್ಕೆ ಮಿಷನರಿಯಾಗಿ ಹೋದ ನಿನ್ನ ಮಗಳು ದಿನವಿಡೀ ಏನು ಮಾಡುತ್ತಾಳೆ ಎಂದು ಚರ್ಚಿನ ಸಭೆಯವರು ಕೇಳುತ್ತಾರೆ ಅಂದೆಯಲ್ಲ, ಕೇಳಿದವರಿಗೆ ಗಂಭೀರವಾಗಿ ಹೇಳು: ಕುರ್ಚಿ ಜೋಡಿಸುತ್ತಾಳೆ. ಆಮೇಲೆ ಅವನ್ನೇ ತೆಗೆದಿಡುತ್ತಾಳೆ. ಭಾನುವಾರ ಇಪ್ಪತ್ತು ಕುರ್ಚಿ ಹಾಕುತ್ತೇನೆ, ನಾಲ್ಕು ಜನ ಬರುತ್ತಾರೆ. ಆ ನಾಲ್ವರಲ್ಲಿ ಒಬ್ಬರು ಬರುವುದೇ ನಿದ್ದೆಗೆ. ಅವರ ಮನೆಯಲ್ಲಿ ಗದ್ದಲವಂತೆ, ನನ್ನ ಉಪದೇಶ-ಪ್ರಸಂಗ ಅವರಿಗೆ ಬಹಳ ಹಿತವಂತೆ. ವಾರದ ಮಿಕ್ಕ ದಿನ ಜೊತೆಗೆ ಯಾರೂ ಇಲ್ಲದ ಮುದುಕರೊಂದಿಗೆ ಆಸ್ಪತ್ರೆಗೆ ಹೋಗಿ ಬೆಂಚಿನ ಮೇಲೆ ಕೂರುತ್ತೇನೆ. ಕಚೇರಿಯ ಅರ್ಜಿ ತುಂಬಿಕೊಡುತ್ತೇನೆ. ಇಲ್ಲಿಯ ಮಾತು ನನಗೆ ಅರ್ಧ ಬರುತ್ತದೆ, ಉಳಿದರ್ಧಕ್ಕೆ ತಲೆಯಾಡಿಸುತ್ತೇನೆ. ನನ್ನಷ್ಟು ಚೆನ್ನಾಗಿ ಕೇಳಿಸಿಕೊಳ್ಳುವವರು ಈ ಬೀದಿಯಲ್ಲೇ ಇಲ್ಲವೆಂದು ಹೆಸರು ಬಂದುಬಿಟ್ಟಿದೆ.

ನಮ್ಮ ಪ್ರಾರ್ಥನಾ ಕೊಠಡಿ ಮಹಡಿಯ ಮೇಲೆ. ಕೆಳಗೆ ಬೀಗ ರಿಪೇರಿ ಅಂಗಡಿ. ಅಂಗಡಿಯ ಹಿಂದಿನ ಕೋಣೆಯಲ್ಲೇ ಅವರ ಮನೆ, ಗಂಡ ಹೆಂಡತಿ ಇಬ್ಬರೇ. ನಾನು ಅವರನ್ನು ಮನಸ್ಸಿನಲ್ಲೇ ಬೀಗದಜ್ಜ, ಬೀಗದಜ್ಜಿ ಎಂದು ಕರೆದುಕೊಳ್ಳುತ್ತೇನೆ. ಅಜ್ಜ ನನ್ನನ್ನು ಬಾಯ್ತುಂಬ ‘ಮಹಡಿಯಮ್ಮ’ ಅನ್ನುತ್ತಾರೆ. ನಾನು ಬಂದ ಮೊದಲ ವಾರ ಕೊಠಡಿಯ ಬೀಗ ಕೈಕೊಟ್ಟಾಗ ಅಂಗಡಿಯ ಕಿಟಕಿಯಿಂದಲೇ ಹೇಳಿಕೊಟ್ಟು ನನ್ನ ಕೈಯಲ್ಲೇ ಬಿಚ್ಚಿಸಿದರು. ಯಾಕೆ ಅಂತೀಯಾ? ಅಜ್ಜನ ಎರಡೂ ಮಂಡಿ ಹೋಗಿವೆ. ನಮ್ಮದು ಇಪ್ಪತ್ತೆರಡು ಮೆಟ್ಟಿಲು.

“ಒಂದು ಭಾನುವಾರ ಮೇಲೆ ಬನ್ನಿ” ಎಂದು ಮೊನ್ನೆ ಕರೆದೆ.

“ನನ್ನ ಮಂಡಿ ಒಪ್ಪಿದ ದಿನ ಬರ್ತೀನಿ ಮಹಡಿಯಮ್ಮ. ಅಲ್ಲೀವರೆಗೆ ನಿಮ್ಮ ದೇವರಿಗೇ ಕೆಳಗೆ ಇಳಿಯೋಕೆ ಹೇಳು. ಆತನಿಗೆ ಮಂಡಿ ನೋವಿಲ್ಲ ತಾನೇ?”

ಬೀಗದಜ್ಜಿ ಒಳಗಿನಿಂದ, “ಬಂದರೆ ಚಪ್ಪಲಿ ಹೊರಗೆ ಬಿಡೋಕೆ ಹೇಳಮ್ಮ, ಈಗಷ್ಟೇ ನೆಲ ಒರೆಸಿದೀನಿ” ಅಂದರು.

ಎರಡು ವರ್ಷದಲ್ಲಿ ನನ್ನ ಸೇವೆಗೆ ಸಿಕ್ಕ ಅತ್ಯಂತ ಹತ್ತಿರದ ಒಪ್ಪಿಗೆ ಇದು. ಆದ್ದರಿಂದ ಊರಿನ ನಿಮ್ಮ ಬುಧವಾರದ ಕೂಟಕ್ಕೆ ಈ ತಿಂಗಳ ಪ್ರಾರ್ಥನಾ ವಿಷಯ: ಬೀಗದಜ್ಜನ ಮಂಡಿ. ಫೋನಿನಲ್ಲಿ ಹೇಳಿದರೆ ನಡೆಯುವುದಿಲ್ಲ, ಕಾಗದವೇ ಬೇಕು, ಎಲ್ಲರೂ ಅದರ ಮೇಲೆ ಕೈಯಿಟ್ಟೇ ಪ್ರಾರ್ಥಿಸಬೇಕು ಎಂಬ ನಿಮ್ಮ ಕಟ್ಟಳೆ ಗೊತ್ತಿದೆ. ಹನ್ನೊಂದು ಹೆಂಗಸರು ಒಟ್ಟಿಗೆ ಫೋನಿನ ಮೇಲೆ ಕೈಯಿಟ್ಟಾಗ ಪೊಲೀಸ್ ಠಾಣೆಗೆ ಕರೆ ಹೋದದ್ದನ್ನು ನಾನು ಮರೆತಿಲ್ಲ.

ನಿನ್ನ ಗಡಿಬಿಡಿ


ಜನವರಿ 24

ಗಡಿಬಿಡಿಗೆ ಅಮ್ಮನ ಆಶೀರ್ವಾದ.

ಮಷೀನಿನ ಸದ್ದೇ ಜಾಸ್ತಿ. ಗಣರಾಜ್ಯೋತ್ಸವದ ಕವಾಯತಿಗೆ ಶಾಲೆಯ ಹೊಸ ಯೂನಿಫಾರ್ಮು. ನೂರ ನಲವತ್ತು ಚಡ್ಡಿಗಳ ನಡುವೆ ಕೂತು ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟಿದ್ದರೆ ಚಡ್ಡಿಗಳನ್ನು ಬೈ.

ನಿನ್ನ ಕಾಗದ ಬುಧವಾರ ಓದಿದೆವು. ಬೇಕರಿಯಕ್ಕ ಎರಡು ಸಲ ಓದಿಸಿದಳು. ಅವಳಿಗೂ ಮಂಡಿ ನೋವಲ್ಲವೇ, ಅಜ್ಜನ ಮೇಲೆ ತಕ್ಷಣ ಅಭಿಮಾನ ಬಂತು. ಆಮೇಲೆ ಎಲ್ಲರೂ ಕೈಯಿಟ್ಟರು. ನಾನೂ ಇಟ್ಟೆ, ಎಂದಿನಂತೆ ಸುಮ್ಮನೆ.

ನಿನಗೆ ಗೊತ್ತು. ಕಾಯಿಲೆ ಬಿದ್ದ ನಿನ್ನ ಅಪ್ಪನಿಗಾಗಿ ಸಭೆಯೆಲ್ಲ ನಲವತ್ತು ದಿನ ದೇವರನ್ನು ಕೂಗಿದರು, ನಾನಂತೂ ಗಂಟಲು ಕಟ್ಟುವವರೆಗೆ ಕೂಗಿದೆ. ಅವರು ಹೋದ ಮೇಲೆ ನಾಲ್ಕು ವರ್ಷ ನಾನು ಕೂಟಕ್ಕೆ ಹೋಗಿದ್ದೇನೆ, ಬಂದಿದ್ದೇನೆ. ಬಾಯಿ ಬಿಟ್ಟಿಲ್ಲ. ಮಗಳನ್ನು ಮಿಷನರಿ ಮಾಡಿ ಕಳಿಸಿದ ತಾಯಿ ಬಾಯಿ ಮುಚ್ಚಿ ಕೂರುವುದು ಚೆಂದವಲ್ಲ ಎಂದು ಕೆಲವರಿಗೆ ಅನ್ನಿಸಿತ್ತು. ಅನ್ನಿಸಲಿ.

ಈ ಬುಧವಾರ ಏನಾಯಿತೋ, ಬಾಯಿಂದ ಮಾತು ಬಂತು. “ದೇವರೇ, ಇದು ಹೃದಯ ಅಲ್ಲ, ಕಿಡ್ನಿ ಅಲ್ಲ. ಬರೀ ಮಂಡಿ. ಇಷ್ಟು ಸಣ್ಣದು ನಿನ್ನ ಕೈಲಿ ಆಗಲ್ವಾ” ಅಂದೆ. ಸಭಾಪಾಲಕರು ಕನ್ನಡಕ ತೆಗೆದು ಒರೆಸಿಕೊಂಡರು. ಬೇಕರಿಯಕ್ಕ ನನ್ನ ಬೆನ್ನು ತಟ್ಟೀ ತಟ್ಟೀ ನೋವು ಮಾಡಿಟ್ಟಳು.

ಮಗಳೇ, ದೊಡ್ಡದು ಕೇಳಿ ಒಮ್ಮೆ ಸೋತಿದ್ದೇನೆ. ಅದಕ್ಕೇ ಸಣ್ಣದು ಕೇಳಿದ್ದೇನೆ. ಇದಕ್ಕೂ ಆತ ಇಲ್ಲ ಅಂದರೆ, ಇನ್ನು ನನಗೂ ಆತನಿಗೂ ಮಾತಿಲ್ಲ. ಇದನ್ನು ಸಭಾಪಾಲಕರಿಗೆ ಹೇಳಿಲ್ಲ, ನಿನಗೆ ಹೇಳಿದ್ದೇನೆ. ಅಜ್ಜನ ಸುದ್ದಿ ಬೇಗ ಬರೆ.

ಇಂತಿ, ನಿನ್ನ ಅಮ್ಮ


ಫೆಬ್ರವರಿ 5
(ಇದನ್ನು ಅಂಚೆಗೆ ಹಾಕಲಿಲ್ಲ)

ಅಮ್ಮ,

ಬೀಗದಜ್ಜ ಹೋಗಿಬಿಟ್ಟರು. ಮೂರು ದಿನವಾಯಿತು. ಗಿರಾಕಿಯ ಬೀಗವೊಂದನ್ನು ಕೈಯಲ್ಲಿ ಹಿಡಿದುಕೊಂಡೇ ಕುರ್ಚಿಯಲ್ಲಿ ಒರಗಿದರಂತೆ. ಮಂಡಿಯಲ್ಲ, ಹೃದಯ. ಬೀಗದಜ್ಜಿ ಕೂಗಿದಾಗ ನಾನು ಮೇಲೆ ಕುರ್ಚಿ ಜೋಡಿಸುತ್ತಿದ್ದೆ, ಆ ಸದ್ದಿಗೆ ಕೇಳಿಸಲೇ ಇಲ್ಲ. ಎರಡನೇ ಸಲ ಕೂಗಿದ್ದು ಕೇಳಿಸಿತು.

ಮಣ್ಣು ಮಾಡಿ ಇವತ್ತು ವಾಪಸು ಬಂದಾಗ ಬಾಗಿಲ ಸಂದಿಯಲ್ಲಿ ನಿನ್ನ ಕಾಗದ. ಮೆಟ್ಟಿಲ ಮೇಲೆ ಕೂತು ಓದಿದೆ.

ಇದನ್ನು ಹೇಗೆ ಕಳಿಸಲಿ? ನಾಲ್ಕು ವರ್ಷದ ಮೇಲೆ ನೀನು ಬಾಯಿ ಬಿಟ್ಟಿದ್ದೀಯ, ಆಡಿದ ಮೊದಲ ಮಾತಿಗೇ ಈ ಉತ್ತರವೇ? ಪರರಿಗೆ ಆತನ ವಿಷಯ ಹೇಳಲು ಇಷ್ಟು ದೂರ ಬಂದವಳು, ಅಮ್ಮನಿಗೆ ಆತನ ಪರವಾಗಿ ಏನು ಹೇಳಬೇಕೋ ಗೊತ್ತಾಗದೆ ಕೂತಿದ್ದೇನೆ.


ಫೆಬ್ರವರಿ 6

ಅಮ್ಮನಿಗೆ,

ನಿನ್ನ ಕಾಗದ ತಲುಪಿತು. ಚಡ್ಡಿಗಳಿಗೆ ನನ್ನ ನಮಸ್ಕಾರ ತಿಳಿಸು.

ಬೀಗದಜ್ಜ ಸ್ವಲ್ಪ ಸುಧಾರಿಸಿದ್ದಾರೆ. ನಿನ್ನೆ ಕಂಬಿ ಹಿಡಿದು ಎರಡು ಮೆಟ್ಟಿಲು ಹತ್ತಿದರು. ಕೂಟದವರಿಗೆ ತಿಳಿಸು. ನೀನು ಪ್ರಾರ್ಥಿಸುವುದನ್ನು ಬಿಡಬೇಡ.

ಕೆಲಸ ಬಹಳ, ಹೆಚ್ಚು ಬರೆಯಲಾಗುತ್ತಿಲ್ಲ.

ನಿನ್ನ ಗಡಿಬಿಡಿ


ಫೆಬ್ರವರಿ 20

ನನ್ನ ಚಿನ್ನದಂಥ ಗಡಿಬಿಡಿಗೆ,

ಎರಡು ಮೆಟ್ಟಿಲು. ಓದುತ್ತಿದ್ದ ಹಾಗೆ ಕಾಗದ ಕೈಜಾರಿ ಬೇಕರಿಯಕ್ಕನ ಮಡಿಲಿಗೆ ಬಿತ್ತು. ಅವಳು ಅದರ ಮೇಲೆ ಎರಡೂ ಕೈಯಿಟ್ಟು, ಇನ್ನು ಇಪ್ಪತ್ತು ಎಂದು ಲೆಕ್ಕ ಹಾಕಿಯೇ ಬಿಟ್ಟಳು.

ಸಭೆಯ ಭಾನುವಾರದ ಶಾಲೆಯ ಟೀಚರಮ್ಮನ ಉತ್ಸಾಹ ಕೇಳಬೇಕೇ. ದೊಡ್ಡ ರಟ್ಟಿನ ಮೇಲೆ ಇಪ್ಪತ್ತೆರಡು ಮೆಟ್ಟಿಲು ಬರೆಸಿ ಗೋಡೆಗೆ ಹಾಕಿದ್ದಾಳೆ. ಬಣ್ಣದ ಕಾಗದದಲ್ಲಿ ಒಬ್ಬ ಅಜ್ಜನನ್ನು ಕತ್ತರಿಸಿ, ಬೆನ್ನಿಗೆ ಗುಂಡುಸೂಜಿ ಚುಚ್ಚಿ, ಎರಡನೆಯ ಮೆಟ್ಟಿಲ ಮೇಲೆ ನಿಲ್ಲಿಸಿದ್ದಾಳೆ. ಅಜ್ಜನಿಗೆ ಮೀಸೆ ಇದೆಯೋ ಇಲ್ಲವೋ ಎಂಬುದರ ಮೇಲೆ ಎರಡು ಪಕ್ಷಗಳಾಗಿವೆ. ಸದ್ಯಕ್ಕೆ ಟೀಚರಮ್ಮ ತನ್ನ ಪಕ್ಷದ ಮೀಸೆ ಅಂಟಿಸಿದ್ದಾಳೆ, ತೆಗೆಯಲು ಬರುವ ಹಾಗೆ. ನಿಜ ಏನೆಂದು ಬರೆ, ಜಗಳ ನಿಲ್ಲಲಿ.

ಇನ್ನೊಂದು ಮಾತು. ಈಗ ಬುಧವಾರದವರೆಗೂ ಕಾಯುವುದಿಲ್ಲ. ಹೊಲಿಯುವಾಗಲೇ ಆತನ ಜೊತೆ ಮಾತಾಡುತ್ತೇನೆ. ಕಾಜಾ ಹಾಕುವಾಗ ಒಂದು ಮಾತು, ಗುಂಡಿ ಹಚ್ಚುವಾಗ ಒಂದು ಮಾತು. ನಿನ್ನ ಅಪ್ಪನ ವಿಷಯವನ್ನೂ ಸ್ವಲ್ಪ ಎತ್ತಿದೆ. ಪೂರ್ತಿ ಅಲ್ಲ.

ಇಂತಿ, ನಿನ್ನ ಅಮ್ಮ


ಮಾರ್ಚ್ 4

ಅಮ್ಮನಿಗೆ,

ಮೀಸೆ ಇದೆ. ಟೀಚರಮ್ಮನ ಪಕ್ಷ ಗೆದ್ದಿತೆಂದು ತಿಳಿಸು.

ಅಜ್ಜ ಒಂಬತ್ತನೆಯ ಮೆಟ್ಟಿಲಿನವರೆಗೆ ಬಂದಿದ್ದಾರೆ. ಅಲ್ಲಿ ಸ್ವಲ್ಪ ಕೂತು ದಣಿವಾರಿಸಿಕೊಳ್ಳುತ್ತಿದ್ದಾರೆ. ಬಹುಶಃ ಕೆಲವು ವಾರ ಅಲ್ಲೇ ಇರಬಹುದು. ಅವಸರ ಮಾಡಬಾರದೆಂದು ವೈದ್ಯರು ಹೇಳಿದ್ದಾರೆ.

ನಾನು ಚೆನ್ನಾಗಿದ್ದೇನೆ. ಇಪ್ಪತ್ತು ಕುರ್ಚಿಗಳೂ ಚೆನ್ನಾಗಿವೆ.

ನಿನ್ನ ಗಡಿಬಿಡಿ


ಮಾರ್ಚ್ 18

ಗಡಿಬಿಡಿಗೆ,

ನಿನ್ನ ಕಾಗದಗಳು ಈಚೆಗೆ ಬಡವಾಗಿವೆ, ಹೊಟ್ಟೆಗೆ ಸರಿಯಾಗಿ ತಿನ್ನುತ್ತಿದ್ದೀಯಾ? ಇರಲಿ, ಅಜ್ಜನನ್ನು ನಡೆಸುವ ಕೆಲಸ ಜಾಸ್ತಿ ಎಂದುಕೊಂಡಿದ್ದೇನೆ.

ಈಗ ಮುಖ್ಯ ವಿಷಯ. ಅಜ್ಜ ಇಪ್ಪತ್ತೆರಡನೆಯ ಮೆಟ್ಟಿಲು ಹತ್ತಿ ಒಳಗೆ ಬರುವ ದಿನ ಹಾಕಿಕೊಳ್ಳಲು ಒಂದು ಅಂಗಿ ಹೊಲಿಯುತ್ತೇನೆ. ತೆಳು ನೀಲಿ ಬಟ್ಟೆ ತಂದಾಗಿದೆ. ಬೇಕರಿಯಕ್ಕ ಬಿಳಿ ಅಂದಳು, ಬೀಗ ರಿಪೇರಿಯವರಿಗೆ ಬಿಳಿ ತಡೆಯುತ್ತದೆಯೇ? ಎಣ್ಣೆ ಕೈ.

ಅಳತೆ ಕಳಿಸು. ಅಂದಾಜು ಬೇಡ. ಎದೆ, ಹೆಗಲು, ತೋಳು, ಕತ್ತು, ಉದ್ದ. ಮುದುಕರಿಗೆ ಒಂದು ಹೆಗಲು ಇಳಿದಿರುತ್ತದೆ, ಎರಡನ್ನೂ ಬೇರೆ ಬೇರೆ ಅಳೆ. ಉಸಿರು ಬಿಗಿಹಿಡಿದಾಗ ಅಳೆಯಬೇಡ, ಮಾತಾಡಿಸುತ್ತಾ ಅಳೆ. ನಿನಗೆ ಹೇಳಿಕೊಡಬೇಕಾಗಿಲ್ಲ, ನನ್ನ ಮೇಜಿನ ಕೆಳಗೆ ಬೆಳೆದವಳು ನೀನು.

ಇಂತಿ, ನಿನ್ನ ಅಮ್ಮ


ಏಪ್ರಿಲ್ 1

ಅಮ್ಮ,

ತಾರೀಕು ನೋಡಿ ತಮಾಷೆ ಎಂದುಕೊಳ್ಳಬೇಡ. ಇದನ್ನು ಕೂಟದಲ್ಲಿ ಓದುವ ಮೊದಲು ನೀನೊಬ್ಬಳೇ ಓದು.

ಬೀಗದಜ್ಜ ತೀರಿಕೊಂಡಿದ್ದಾರೆ. ಈಗಲ್ಲ, ಫೆಬ್ರವರಿ ಎರಡಕ್ಕೆ. ಹೃದಯ ನಿಂತಿತು. ಅವರು ಒಂದು ಮೆಟ್ಟಿಲೂ ಹತ್ತಲಿಲ್ಲ. ಆ ಎರಡು, ಆ ಒಂಬತ್ತು, ಎಲ್ಲ ನಾನೇ ಹತ್ತಿಸಿದ್ದು. ಮೀಸೆ ಒಂದೇ ನಿಜ.

‘ನನಗೂ ಆತನಿಗೂ ಮಾತಿಲ್ಲ’ ಎಂದು ನೀನು ಬರೆದ ಕಾಗದ ಮಣ್ಣಿನ ದಿನವೇ ಬಂತು. ನಿನ್ನ ಮಾತು ನಿಂತುಹೋದೀತು ಎಂದು ಹೆದರಿದೆ. ದೇವರ ಮರ್ಯಾದೆ ಉಳಿಸಲು ಹೊರಟೆ ಅಂತ ಇಟ್ಟುಕೋ. ಆತ ಕೇಳಿರಲಿಲ್ಲ, ನಾನೇ ವಕಾಲತ್ತು ವಹಿಸಿದೆ. ಒಂದು ಸುಳ್ಳು ಬರೆದರೆ ಸಾಕು, ಆಮೇಲೆ ನಿಧಾನವಾಗಿ ಹೇಳೋಣ ಅಂದುಕೊಂಡಿದ್ದೆ. ನೀವು ರಟ್ಟು ತಂದು ಗೋಡೆಗೆ ಹಾಕಿಬಿಟ್ಟಿರಿ. ಗೋಡೆಯ ಮೇಲಿನ ಮುದುಕರನ್ನು ಕೆಳಗಿಳಿಸುವ ಧೈರ್ಯ ಬರಲಿಲ್ಲ.

ಸುಳ್ಳು ಎಲ್ಲಿ ಸಿಕ್ಕಿಬಿತ್ತು ಗೊತ್ತೇ? ನಿನ್ನ ಅಳತೆಯಲ್ಲಿ. ಮೆಟ್ಟಿಲನ್ನು ಎಷ್ಟು ಬೇಕಾದರೂ ಬರೆದೇನು, ಎದೆ ಮೂವತ್ತೆಂಟು ಎಂದು ಸುಮ್ಮನೆ ಬರೆಯಲು ಕೈ ಬರಲಿಲ್ಲ. ನಿನ್ನ ಮೇಜಿನ ಕೆಳಗೆ ಬೆಳೆದದ್ದರ ದೋಷ. ಅಂದಾಜಿನ ಅಳತೆ ಕೊಟ್ಟವರ ಬಟ್ಟೆಯನ್ನು ನೀನು ಹಿಂದಕ್ಕೆ ಎಸೆಯುತ್ತಿದ್ದದ್ದು ಕಣ್ಣಿಗೆ ಕಟ್ಟಿತ್ತು. ಕೊನೆಗೆ ಏನು ಮಾಡಿದೆ ಕೇಳು. ಟೇಪು ಹಿಡಿದು ಕೆಳಗೆ ಹೋದೆ. ಬೀಗದಜ್ಜಿಯ ಹತ್ತಿರ ಅಜ್ಜನ ಒಂದು ಹಳೆಯ ಅಂಗಿ ಕೇಳಿದರೆ ಅಳತೆ ಸಿಗುತ್ತದೆ ಎಂದು. ಇಷ್ಟರ ಮಟ್ಟಿಗೆ ಇಳಿದಿದ್ದೆ.

ಮಣ್ಣಾದ ಮೇಲೆ ಅವರ ಬಾಗಿಲಿಗೆ ನಾನು ಹೋದದ್ದು ಅದೇ ಮೊದಲು, ಅಮ್ಮ. ಎಂಟು ವಾರ. ದಿನಾ ಅವರ ಕಿಟಕಿಯ ಮುಂದೆಯೇ ಹತ್ತಿ ಇಳಿದೆ, ತಲೆ ತಗ್ಗಿಸಿಕೊಂಡು. ಒಳಗೆ ಹೋಗಿ ಅವರ ಮುಖ ನೋಡಿದರೆ ಅಜ್ಜ ನಿಜವಾಗಿಯೂ ಸತ್ತುಹೋಗುತ್ತಿದ್ದರು, ನಿಮಗೆ ಕಾಗದ ಬರೆಯಲು ಆಗುತ್ತಿರಲಿಲ್ಲ. ಜೊತೆಗೆ ಯಾರೂ ಇಲ್ಲದವರ ಪಕ್ಕ ಬೆಂಚಿನ ಮೇಲೆ ಕೂರುವುದೇ ನನ್ನ ಕೆಲಸ. ಆ ಒಂದು ಬೆಂಚನ್ನು ಮಾತ್ರ ಬಿಟ್ಟು ಊರೆಲ್ಲ ಕೂತು ಬಂದೆ.

ಬೀಗದಜ್ಜಿ ಬಾಗಿಲು ತೆಗೆದು ನನ್ನನ್ನೇ ನೋಡಿದರು. “ಮಹಡಿಯಮ್ಮ ಊರು ಬಿಟ್ಟಳು ಅಂದುಕೊಂಡಿದ್ದೆ. ಮೇಲೆ ಕುರ್ಚಿ ಸದ್ದು ಕೇಳ್ತಿತ್ತು, ಅದು ಬೇರೆ ಯಾರೋ ಇರಬೇಕು ಅಂದುಕೊಂಡೆ” ಎಂದರು.

“ಅಜ್ಜನ ಒಂದು ಅಂಗಿ ಬೇಕಿತ್ತು” ಅಂದೆ.

ಯಾಕೆ ಎಂದು ಕೇಳಲಿಲ್ಲ. ಒಳಗೆ ಹೋಗಿ ಅಂಗಿ ತಂದು ಎರಡೂ ಕೈಯಲ್ಲಿ ಕೊಟ್ಟರು. “ಯಾರೂ ಅವರ ವಿಷಯ ಕೇಳಲ್ಲ. ಕೇಳಿದರೆ ನಾನು ಅಳ್ತೀನಿ ಅಂತ ಎಲ್ಲರಿಗೂ ಭಯ. ಅಳೋದಕ್ಕೆ ಜೊತೆಗೆ ಒಬ್ಬರು ಬೇಡ್ವಾ?” ಅಂದರು.

ಮೇಜಿನ ಮೇಲೆ ಅಂಗಿ ಹರಡಿದೆ. ಬಲಗಡೆ ಹೆಗಲು ಇಳಿದಿತ್ತು, ನೀನು ಹೇಳಿದ ಹಾಗೆಯೇ. ಟೇಪು ಇಟ್ಟೆ. ಸಂಖ್ಯೆ ಕಾಣಿಸಲಿಲ್ಲ. ಅವರ ಎದುರಿಗೇ ಕೂತು ಎಲ್ಲ ಹೇಳಿಬಿಟ್ಟೆ: ಕೂಟ, ಕಾಗದ, ಗೋಡೆಯ ಮೇಲಿನ ರಟ್ಟು.

ಅಂಗಿಯ ಇಳಿದ ಹೆಗಲನ್ನು ಕೈಯಿಂದ ಸವರಿದರು. ಆಮೇಲೆ, “ಒಂಬತ್ತು ಮೆಟ್ಟಿಲಾ? ನಲವತ್ತು ವರ್ಷ ನಾನು ಕರೆದರೆ ಕುರ್ಚಿ ಬಿಟ್ಟು ಎದ್ದವರಲ್ಲ” ಅಂದರು. ನಕ್ಕರೋ ಅತ್ತರೋ ಹೇಳಲಾರೆ. ಆಮೇಲೆ ನನ್ನ ಕಡೆ ತಿರುಗಿ, “ನಿಮ್ಮ ಅಮ್ಮನಿಗೆ ಇವತ್ತೇ ಬರಿ. ಸುಳ್ಳು ಸುದ್ದಿಗೆ ಕೈಮುಗಿಸ್ತಾ ಇದೀಯಲ್ಲ, ನೀನೆಂಥ ಮಗಳು” ಎಂದರು. ಬಹಳ ಮೆತ್ತಗೆ ಅಂದರು. ಅದಕ್ಕೇ ಜಾಸ್ತಿ ತಾಗಿತು.

ಆ ‘ಇವತ್ತೇ’ಗೆ ನನಗೆ ಎರಡು ದಿನ ಹಿಡಿಯಿತು. ಸಂಜೆ ಹೊತ್ತು ಕೆಳಗೆ ಹೋಗಿ ಕೂರುತ್ತಿದ್ದೇನೆ. ಪ್ರಾರ್ಥನೆ ಮಾಡಲೇ ಎಂದು ಒಮ್ಮೆ ಕೇಳಿದೆ, ಬೇಡ ಅಂದರು. ನನಗೂ ಸಮಾಧಾನವಾಯಿತು. ನಿಜ ಹೇಳಬೇಕೆಂದರೆ ಫೆಬ್ರವರಿಯಿಂದ ನಾನೂ ಒಂದು ಪ್ರಾರ್ಥನೆ ಮಾಡಿಲ್ಲ. ಭಾನುವಾರ ನಾಲ್ವರ ಮುಂದೆ ನಿಂತು ಬಾಯಿ ಆಡಿಸುತ್ತೇನೆ. ಒಳಗೆ ಏನೂ ಇರುವುದಿಲ್ಲ.

ಅಳತೆ ಕಳಿಸುತ್ತಿಲ್ಲ. ಬೈದು ಬರೆ. ಬರೆಯುವುದನ್ನು ಮಾತ್ರ ಬಿಡಬೇಡ.

ಗಡಿಬಿಡಿ


ಮೇ 10

ಅಮ್ಮ,

ಒಂದು ತಿಂಗಳು ದಾಟಿತು. ಮೂರು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಮಷೀನಿನ ಸದ್ದಿಗೆ ಕೇಳಿಸಲಿಲ್ಲ ಎಂದುಕೊಳ್ಳುತ್ತೇನೆ. ಹಾಗೆ ಅಂದುಕೊಳ್ಳಲು ಆಗುತ್ತಿಲ್ಲ.

ಗಡಿಬಿಡಿ


ಮೇ 26

ಗಡಿಬಿಡಿಗೆ,

ಕೇಳಿಸಿತ್ತು. ಎತ್ತಲಿಲ್ಲ.

ನಿನ್ನ ಏಪ್ರಿಲ್ ಕಾಗದವನ್ನು ನಿಂತುಕೊಂಡೇ ಓದಿದೆ, ಆಮೇಲೆ ಕೂತು ಓದಿದೆ. ಒಂದು ಪ್ಯಾಂಟಿಗೆ ಎರಡೂ ಕಾಲು ಹಿಂದುಮುಂದಾಗಿ ಹೊಲಿದೆ. ಮೂವತ್ತು ವರ್ಷದಲ್ಲಿ ಹಾಗೆ ಮಾಡಿದವಳಲ್ಲ. ಗಿರಾಕಿ ಹಾಕಿಕೊಂಡು ನೋಡಿ, “ಅಮ್ಮ, ಇದು ನಾನು ಹಿಂದಕ್ಕೆ ನಡೆಯೋಕಾ?” ಎಂದು ಕೇಳಿದ. ನಗು ಬರಲಿಲ್ಲ.

ಮೂರು ಬುಧವಾರ ಕೂಟಕ್ಕೆ ಹೋಗಲಿಲ್ಲ. ನಾಲ್ಕನೆಯ ಬುಧವಾರ ಹೋದೆ, ಯಾಕೆಂದರೆ ಬೇಕರಿಯಕ್ಕ ಬಂದು, “ನೀನು ಬರದಿದ್ದರೂ ಅಜ್ಜನ ಮಂಡಿಯನ್ನ ನಾವು ಬಿಟ್ಟಿಲ್ಲ ಬಿಡು” ಅಂದಳು. ಇನ್ನು ತಡೆಯುವುದು ಸರಿಯಲ್ಲ ಅನ್ನಿಸಿತು. ಎದ್ದು ನಿಂತು ಕಾಗದ ಪೂರ್ತಿ ಓದಿದೆ. ನೀನು ಪ್ರಾರ್ಥನೆ ಮಾಡುತ್ತಿಲ್ಲ ಎಂಬ ಸಾಲನ್ನೂ ಬಿಡಲಿಲ್ಲ.

ಟೀಚರಮ್ಮ ಎದ್ದು ಹೋಗಿ ಗೋಡೆಯಿಂದ ರಟ್ಟು ಇಳಿಸಿದಳು, ಅಜ್ಜನನ್ನು ಬಿಡಿಸಿ ಬೈಬಲ್ಲಿನೊಳಗೆ ಇಟ್ಟುಕೊಂಡಳು. ಸಭಾಪಾಲಕರು ಮತ್ತೆ ಕನ್ನಡಕ ತೆಗೆದು ಒರೆಸಿಕೊಂಡರು.

ಕೊನೆಗೆ ಕಿವಿ ಕೇಳದ ದೊಡ್ಡಮ್ಮ, “ಏನಂತೆ?” ಎಂದು ಕೇಳಿದರು. ಬೇಕರಿಯಕ್ಕ ಕಿವಿಯ ಹತ್ತಿರ ಬಾಯಿಟ್ಟು, “ಅಜ್ಜ ಹೋಗಿ ಮೂರು ತಿಂಗಳಾಯ್ತಂತೆ. ನಾವು ಇಷ್ಟು ದಿನ ಸುಮ್ಮಸುಮ್ಮನೆ ಕೇಳ್ಕೊಂಡಿದ್ದು” ಅಂದಳು.

ದೊಡ್ಡಮ್ಮ, “ಹಾಗಾದ್ರೆ ಅದೆಲ್ಲಾ ಎಲ್ಲಿಗೆ ಹೋಯ್ತು?” ಅಂದರು.

ಬೇಕರಿಯಕ್ಕ ಸೆರಗು ತಿರುಚುತ್ತಾ, “ಹೇಳ್ಲೋ ಬೇಡ್ವೋ ಅಂತ ಇದ್ದೆ. ಮಾರ್ಚಿಂದ ನನ್ನ ಮಂಡಿ ನೋವು ಕಮ್ಮಿ ಆಗಿದೆ. ಅಜ್ಜನ ಪಾಲಿನದು ನಾನು ತಿಂದ ಹಾಗೆ ಆಗುತ್ತೆ ಅಂತ ಬಾಯಿ ಬಿಡಲಿಲ್ಲ” ಅಂದಳು. ಕೂಟಕ್ಕೆ ಕೂಟವೇ ನಕ್ಕಿತು. ಆಮೇಲೆ ಕೆಲವರು ಅತ್ತರು. ನಾನು ಎರಡನ್ನೂ ಮಾಡಲಿಲ್ಲ, ನನ್ನ ಸಿಟ್ಟು ಇಳಿದಿರಲಿಲ್ಲ.

ಈಗ ನಿನಗೆ ಹೇಳಬೇಕಾದದ್ದು.

ನಿನ್ನ ಅಪ್ಪ ಹೋದಾಗ ನನಗೆ ಯಾರೂ ಸುಳ್ಳು ಹೇಳಲಿಲ್ಲ. ನಾಲ್ಕು ವರ್ಷ ಆತನ ಮೇಲೆ ಸಿಟ್ಟು ಮಾಡಿಕೊಂಡಿದ್ದೆ, ಆ ಸಿಟ್ಟು ನನ್ನದು, ನನ್ನ ಕೈಯಾರೆ ಹೊಲಿದದ್ದು. ಅದನ್ನು ಮತ್ತೆ ಮಾಡಿಕೊಳ್ಳುವ ಹಕ್ಕೂ ನನ್ನದೇ. ನೀನು ಅದನ್ನು ಕಿತ್ತುಕೊಂಡು, ಕೈಗೊಂದು ಕಾಗದದ ಮುದುಕನನ್ನು ಕೊಟ್ಟೆ. ನಾನು ಮುರಿದು ಬೀಳುತ್ತೇನೆ ಅಂದುಕೊಂಡೆಯಾ? ನಿನ್ನ ಅಪ್ಪನನ್ನು ಮಣ್ಣು ಮಾಡಿ, ನಿನ್ನನ್ನು ಪರದೇಶಕ್ಕೆ ಕಳಿಸಿ ಒಬ್ಬಳೇ ನಿಂತವಳು, ಒಂದು ಮಂಡಿಯ ಸುದ್ದಿಗೆ?

ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದು. ಎಂಟು ವಾರ ಆ ಹೆಂಗಸಿನ ಬಾಗಿಲು ದಾಟಿ ಹೋದೆಯಲ್ಲ. ನಿನ್ನ ಅಪ್ಪ ಹೋದಾಗ ನಮ್ಮ ಬಾಗಿಲು ದಾಟಿ ಹೋದವರ ಪಟ್ಟಿ ನನ್ನ ಹತ್ತಿರ ಈಗಲೂ ಇದೆ. ಆ ಪಟ್ಟಿಯಲ್ಲಿ ನನ್ನ ಮಗಳು ಸೇರುತ್ತಾಳೆ ಎಂದು ತಿಳಿದಿರಲಿಲ್ಲ. ಕೆಳಗೆ ಹೋಗಿ ಕೂರುತ್ತಿದ್ದೇನೆ ಅಂದಿದ್ದೀಯ. ಕೂರು. ಆಕೆ ಬೇಡ ಅಂದರೆ ಪ್ರಾರ್ಥನೆ ಬೇಡ. ಪಕ್ಕದಲ್ಲಿರು, ಪಾತ್ರೆ ತೊಳೆ, ಬೈದರೆ ಬೈಸಿಕೋ.

ನಿನಗೆ ಪ್ರಾರ್ಥನೆ ಬರುತ್ತಿಲ್ಲ ಎಂಬುದಕ್ಕೆ ನಾನೇನೂ ಹೇಳುವುದಿಲ್ಲ. ನನಗೆ ನಾಲ್ಕು ವರ್ಷ ಬರಲಿಲ್ಲ. ಬರದಿದ್ದಾಗ ಬಂದ ಹಾಗೆ ನಟಿಸಬೇಡ, ಅಷ್ಟೇ. ಆ ನಾಲ್ವರಿಗೆ ಹೇಳಿಬಿಡು. ಮೂವರು ಅರ್ಥ ಮಾಡಿಕೊಳ್ಳುತ್ತಾರೆ, ನಾಲ್ಕನೆಯವರು ಹೇಗೂ ಮಲಗಿರುತ್ತಾರೆ.

ನನ್ನ ವಿಷಯ ಕೇಳುತ್ತೀಯ. ಆತ ಇಲ್ಲ ಅಂದರೆ ನನಗೂ ಆತನಿಗೂ ಮಾತಿಲ್ಲ ಎಂದು ಬರೆದಿದ್ದೆನಲ್ಲ, ಆತ ಇಲ್ಲ ಅಂದದ್ದಂತೂ ನಿಜ. ಆ ಮೂರು ವಾರ ಮಾತು ಬಿಡುವುದೆಂದೇ ಕೂತೆ. ಆದರೆ ನಿನ್ನ ಮೇಲಿನ ಸಿಟ್ಟು ಇತ್ತಲ್ಲ, ಅದನ್ನು ಯಾರ ಹತ್ತಿರ ಹೇಳಲಿ? ಬೇಕರಿಯಕ್ಕನಿಗೆ ಹೇಳಿದರೆ ಊರಿಗೆಲ್ಲ ಆಗುತ್ತದೆ. ಸಭಾಪಾಲಕರಿಗೆ ಹೇಳಿದರೆ ಭಾನುವಾರದ ಪ್ರಸಂಗವಾಗುತ್ತದೆ. ನಿನ್ನ ಅಪ್ಪ ಇಲ್ಲ. ಒಂದು ಮಧ್ಯಾಹ್ನ ಕತ್ತರಿ ಕೆಳಗಿಟ್ಟು, “ನೋಡು ನಿನ್ನ ಸೇವೆಗೆ ಅಂತ ಕಳಿಸಿದೆ, ಏನು ಮಾಡಿಟ್ಟಿದಾಳೆ ನೋಡು” ಎಂದು ಶುರುಮಾಡಿದವಳು, ತಲೆ ಎತ್ತುವಷ್ಟರಲ್ಲಿ ಸಂಜೆಯಾಗಿತ್ತು.

ಅಂದಿನಿಂದ ದಿನಾ ಸ್ವಲ್ಪ ಸ್ವಲ್ಪ ಹೇಳುತ್ತಿದ್ದೇನೆ. ನಿನ್ನ ಮೇಲಿನ ದೂರು ಅಷ್ಟು ಬೇಗ ಮುಗಿಯುವ ಹಾಗೆ ಕಾಣುವುದಿಲ್ಲ.

ಇಂತಿ, ನಿನ್ನ ಅಮ್ಮ